ಅಮ್ಮನ ಅಳತೆ

ನಮ್ಮ ಹಾಸಿಗೆ ಅಂಗಡಿಯಲ್ಲಿ ಗಿರಾಕಿಯ ತೂಕ ಕೇಳುವ ಪದ್ಧತಿ ಇಲ್ಲ. ಕೇಳಿದರೆ ಗಂಡಸರು ಹೆಚ್ಚು ಮಾಡಿ ಹೇಳುತ್ತಾರೆ, ಹೆಂಗಸರು ಕಡಿಮೆ ಮಾಡಿ ಹೇಳುತ್ತಾರೆ, ಕೊನೆಗೆ ಹಾಸಿಗೆ ಇಬ್ಬರಿಗೂ ಸರಿಹೋಗುವುದಿಲ್ಲ. ಅದಕ್ಕೇ ಅಮ್ಮ ಬೇರೆ ದಾರಿ ಕಂಡುಕೊಂಡಿದ್ದಳು. ಬಾಗಿಲ ಪಕ್ಕದಲ್ಲಿ ಒಂದು ಮಂಚ, ಅದರ ಮೇಲೆ ಹದವಾಗಿ ಅರಳೆ ತುಂಬಿದ ಒಂದು ಹಾಸಿಗೆ. ಬಂದವರನ್ನು ಅದರ ಮೇಲೆ ಅಂಗಾತ ಮಲಗಿಸಿ ಸೊಂಟದ ಕೆಳಗೆ ಅಂಗೈ ತೂರಿಸುತ್ತಿದ್ದಳು. ಗಂಡಸರಾದರೆ ಅಂಗೈ ಬದಲು ಮರದ ಪಟ್ಟಿ. ಕೈ ಸರಾಗವಾಗಿ ಆಚೆ ಬಂದರೆ ಆ ಮೈಗೆ ಹಾಸಿಗೆ ಗಟ್ಟಿ, ಅರಳೆ ಕಡಿಮೆ ಮಾಡಬೇಕು. ಕೈ ನಡುವೆ ಸಿಕ್ಕಿಕೊಂಡರೆ ಮೆತ್ತಗಾಯಿತು, ಇನ್ನಷ್ಟು ತುಂಬಬೇಕು. ಬಿಗಿಯಾಗಿ, ಆದರೆ ನಿಲ್ಲದೆ ಹೋದರೆ ಹದ. ಅಷ್ಟರಲ್ಲಿ ಅದು ಎಷ್ಟು ತೂಕದ ಆಸಾಮಿ ಎಂಬುದು ಅಮ್ಮನಿಗೆ ತಿಳಿದುಹೋಗುತ್ತಿತ್ತು. ಬಾಯಿ ಬಿಟ್ಟು ಮಾತ್ರ ಹೇಳುತ್ತಿರಲಿಲ್ಲ. "ಒಳ್ಳೇ ಮೈಕಟ್ಟು" ಎನ್ನುತ್ತಿದ್ದಳು, ಎಲ್ಲರಿಗೂ ಅದನ್ನೇ. ಗಿರಾಕಿಗೆ ತೂಕ ಹೇಳಬಾರದು ಎಂಬುದು ಅಂಗಡಿಯ ಕಾನೂನು.

ಅವಳ ಸ್ವಂತ ಮೈಕಟ್ಟು ಯಾರಿಗೂ ಹೇಳಿ ತಿಳಿಯಬೇಕಾದದ್ದಾಗಿರಲಿಲ್ಲ. ನಿಮ್ಮಮ್ಮ ಬಾಗಿಲಲ್ಲಿ ನಿಂತರೆ ಅಂಗಡಿಯೊಳಗೆ ದೀಪ ಹಾಕಬೇಕು ಎಂದು ಅಪ್ಪ ಬದುಕಿದ್ದಾಗ ಹೇಳುತ್ತಿದ್ದರು. ಅವಳ ಹಾಸಿಗೆಗೆ ಹಿಡಿಸುವ ಅರಳೆಯಲ್ಲಿ ಸಾಧಾರಣ ಮನುಷ್ಯರ ಎರಡು ಹಾಸಿಗೆ ಆಗುತ್ತಿದ್ದವು. ಹಾಗಾಗಿ ಭಾರಿ ಆಳು ಯಾರಾದರೂ ಬಂದರೆ ನಾವು ಅವರೆದುರೇ ಒಬ್ಬರಿಗೊಬ್ಬರು "ಅಮ್ಮನ ಅಳತೆ" ಎಂದು ಹೇಳಿಕೊಳ್ಳುತ್ತಿದ್ದೆವು. ಗಿರಾಕಿ ಅದೇನೋ ವಿಶೇಷ ಮರ್ಯಾದೆ ಇರಬೇಕೆಂದು ಹಿಗ್ಗುತ್ತಿದ್ದ. ಅರಳೆಯನ್ನು ನಾವು ತಕ್ಕಡಿಗೆ ಹಾಕುವುದು ಕೊಳ್ಳುವಾಗ ಮಾತ್ರ. ತುಂಬುವಾಗ ತಬ್ಬಿ ಎತ್ತಿದ್ದೇ ಅಳತೆ. ಅಮ್ಮನ ಅಳತೆಗೆ ಎಷ್ಟು ತಬ್ಬು ಬೇಕು ಎಂಬುದು ನನ್ನ ತೋಳಿಗೇ ಗೊತ್ತು, ಅದಕ್ಕೆ ತಲೆ ಓಡಿಸಬೇಕಾಗಿಲ್ಲ.

ತಲೆ ಓಡಿಸದೆ ಇದ್ದದ್ದೇ ಆ ಭಾನುವಾರ ನಮಗೆ ಮುಳುವಾಯಿತು.

ನಾವು ಮೂವರು ಮಕ್ಕಳು. ಅಕ್ಕ ಒಂದು ಶಾಲೆಯ ಕಚೇರಿಯಲ್ಲಿ ಗುಮಾಸ್ತೆ, ಗಂಡನ ಜೊತೆ ಊರಿನ ಇನ್ನೊಂದು ತುದಿಯಲ್ಲಿದ್ದಾಳೆ. ಬಾಯಿ ತೆಗೆದರೆ ಆದೇಶವೇ ಹೊರಡುವುದರಿಂದ ತಮ್ಮ ಅವಳನ್ನು ಸರ್ಕಾರ ಎಂದು ಕರೆಯುತ್ತಾನೆ. ತಮ್ಮ ಲಾರಿ ಓಡಿಸುತ್ತಾನೆ. ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಎತ್ತರ, ಮೀಸೆ ನರೆತಿದೆ, ಮನೆಯಲ್ಲಿ ಇವತ್ತಿಗೂ ಪಾಪು. ನಡುವಿನವಳು ನಾನು. ಮದುವೆಯ ಗೋಜಿಗೆ ಹೋಗಲಿಲ್ಲ. ಅಂಗಡಿ ನೋಡಿಕೊಂಡು, ಅದರ ಹಿಂದಿನ ಮನೆಯಲ್ಲಿ ಅಮ್ಮನ ಜೊತೆ ಇದ್ದೇನೆ. ನನಗೆ ಅಡ್ಡಹೆಸರಿಲ್ಲ. ಇಟ್ಟರೆ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತು.

ಅಮ್ಮನಿಗೆ ಕರುಳಿನ ಕ್ಯಾನ್ಸರ್. ಗೊತ್ತಾಗುವ ಹೊತ್ತಿಗೇ ಲಿವರ್‌ಗೂ ಹಬ್ಬಿತ್ತು. ಕಿಮೋ ಕೊಟ್ಟರು, ಕೂದಲು ಹೋಯಿತು, ನಾಲಿಗೆ ಹುಣ್ಣಾಯಿತು, ಉಂಡದ್ದು ನಿಲ್ಲದಾಯಿತು. ಆಮೇಲೆ ಒಂದು ದಿನ ಡಾಕ್ಟರಮ್ಮ ಅಮ್ಮನನ್ನು ಹೊರಗೆ ಗಾಲಿಕುರ್ಚಿಯಲ್ಲಿ ಕೂರಿಸಿ ನಮ್ಮನ್ನು ಮಾತ್ರ ಒಳಗೆ ಕರೆದರು. ಒಳ್ಳೆಯ ಹೆಂಗಸು, ಸುತ್ತಿಬಳಸಿ ಮಾತಾಡಲಿಲ್ಲ. ಇನ್ನು ಕಿಮೋ ಕೊಟ್ಟರೆ ಕಷ್ಟವಷ್ಟೇ, ಉಪಯೋಗವಿಲ್ಲ, ನೋವಿಗೆ ಔಷಧಿ ಬರೆದುಕೊಡುತ್ತೇನೆ, ಮನೆಯಲ್ಲಿ ನೆಮ್ಮದಿಯಾಗಿ ಇಟ್ಟುಕೊಳ್ಳಿ ಎಂದರು. ಅಮ್ಮನಿಗೆ ನಾನೇ ಹೇಳಲೇ ಎಂದೂ ಕೇಳಿದರು. ಅಕ್ಕ ತಟ್ಟನೆ ಬೇಡ ಎಂದಳು.

ಹೊರಗೆ ಬಂದು, ಔಷಧಿ ಅಂಗಡಿಯ ಸಾಲಿನಲ್ಲಿ ನಿಂತು, ಅಕ್ಕ ಆದೇಶ ಹೊರಡಿಸಿದಳು.

"ಅಮ್ಮನಿಗೆ ಹೇಳೋದು ಬೇಡ. ಹೇಳಿದ್ರೆ ಅವತ್ತೇ ಕುಸಿದುಹೋಗ್ತಾಳೆ. ಮೈಗೆ ಸ್ವಲ್ಪ ವಿಶ್ರಾಂತಿ ಬೇಕಂತೆ, ಸುಧಾರಿಸಿಕೊಂಡ ಮೇಲೆ ಮತ್ತೆ ಕಿಮೋ ಶುರು ಮಾಡ್ತಾರಂತೆ ಅಂತ ಹೇಳೋಣ."

"ಅವಳ ಕಾಯಿಲೆ ಅವಳದು ಅಕ್ಕ. ಮುಚ್ಚಿಡೋಕೆ ನಾವ್ಯಾರು?" ಎಂದೆ.

"ಹಾಗಾದ್ರೆ ಹೋಗು. ಅಲ್ಲೇ ಕೂತಿದಾಳಲ್ಲ, ಹೋಗಿ ಹೇಳು."

ಅಮ್ಮ ಗಾಲಿಕುರ್ಚಿಯಲ್ಲಿ ಕೂತು, ಪಕ್ಕದಲ್ಲಿದ್ದ ಯಾರದೋ ದಿಂಬನ್ನು ಒತ್ತಿ ನೋಡಿ, ಅದರೊಳಗೆ ಚಿಂದಿ ತುಂಬಿದ್ದಾರೆ ಎಂದು ಅವರಿಗೆ ತಿಳಿಹೇಳುತ್ತಿದ್ದಳು. ನಾನು ಎರಡು ಹೆಜ್ಜೆ ಹೋಗಿ ವಾಪಸು ಬಂದೆ. ಊರಿಗೆಲ್ಲ ಮುಖದ ಮೇಲೆ ಹೊಡೆದಂತೆ ಮಾತಾಡುವವಳು ನಾನು, ಅವತ್ತು ನನ್ನಿಂದ ಆಗಲಿಲ್ಲ.

ಅಲ್ಲಿಂದ ನಮ್ಮ ಕಳ್ಳಾಟ ಶುರುವಾಯಿತು. ಬಚ್ಚಲಮನೆಗೆ ಬಣ್ಣ ಹೊಡೆಸಬೇಕು ಎಂದು ಹೇಳಿ ಅಕ್ಕ ಕನ್ನಡಿ ತೆಗೆಸಿದಳು. ಬಣ್ಣ ಹೊಡೆಯುವವನು ಬರಲೇ ಇಲ್ಲ, ಕರೆದಿದ್ದರೆ ತಾನೆ ಬರುವುದು. ಪಾಪು ಅಮ್ಮನನ್ನು ಮಂಚದಿಂದ ಕುರ್ಚಿಗೆ ಎತ್ತುವಾಗ ಅಕ್ಕಿಮೂಟೆ ಎತ್ತುವವನ ಹಾಗೆ ನರಳುತ್ತಿದ್ದ. "ಅಮ್ಮಾ, ನನ್ನ ಸೊಂಟ ಹೋಯ್ತು, ಇನ್ಮೇಲೆ ಕ್ರೇನ್ ತರಿಸ್ತೀನಿ" ಎಂದು ಏದುಸಿರು ಬಿಡುತ್ತಿದ್ದ. ಅವನ ತೋಳಲ್ಲಿ ಅವಳು ಎಷ್ಟಿದ್ದಳು ಎಂಬುದು ನನಗೆ ಅವನ ಕಣ್ಣು ನೋಡಿದರೆ ತಿಳಿಯುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಕೆಲಸ ಅಕ್ಕನದು. ಒಗೆಯಲು ಒಯ್ಯುತ್ತೇನೆ ಎಂದು ಅಮ್ಮನ ನೈಟಿಗಳನ್ನು ಮನೆಗೆ ತೆಗೆದುಕೊಂಡು ಹೋಗಿ, ಪಕ್ಕದ ಹೊಲಿಗೆ ಬಿಚ್ಚಿ, ಒಳಕ್ಕೆ ಹಿಡಿದು, ಮತ್ತೆ ಹೊಲಿದು ತರುತ್ತಿದ್ದಳು. ಅಮ್ಮ ಇಳಿದಷ್ಟೂ ನೈಟಿ ಇಳಿಯುತ್ತಿತ್ತು. ಕಣ್ಣು ಮೋಸ ಮಾಡುತ್ತದೆ, ಬಟ್ಟೆ ಮೋಸ ಮಾಡುವುದಿಲ್ಲ ಎಂಬುದು ಅಮ್ಮನ ಮಾತು. ಅಕ್ಕ ಆ ಮಾತನ್ನೇ ಹಿಡಿದು ಅವಳನ್ನು ಹೊಡೆದಳು.

ಅಮ್ಮ ನಂಬಿದಳು. ಒಳಗೊಳಗೆ ಅವಳಿಗೆ ಎಲ್ಲ ಗೊತ್ತಿರುತ್ತದೆ, ನಮಗೋಸ್ಕರ ಸುಮ್ಮನಿದ್ದಾಳೆ ಎಂದು ಅಕ್ಕ ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಸುಳ್ಳು. ಹಗಲೂ ರಾತ್ರಿ ಜೊತೆಗಿದ್ದವಳು ನಾನು. "ಕೈಕಾಲು ಸೊರಗಿವೆ, ಅದು ಔಷಧಿಗೆ. ಮೈ ಇನ್ನೂ ಹಾಗೇ ಇದೆ ನೋಡು, ಬಟ್ಟೆ ಬಿಗೀತಾನೇ ಇದೆ" ಎಂದು ನೈಟಿಯ ಮೇಲೆ ಕೈಯಾಡಿಸಿ ತೋರಿಸುತ್ತಿದ್ದಳು. ಚಳಿ ಬಿದ್ದರೆ ನಮ್ಮ ಅಂಗಡಿಗೆ ಪುರುಸೊತ್ತಿರುವುದಿಲ್ಲ. ಅಷ್ಟರೊಳಗೆ ಎದ್ದು ಬಂದು ಗಲ್ಲಾಪೆಟ್ಟಿಗೆ ಹತ್ತಿರವಾದರೂ ಕೂರುತ್ತೇನೆ ಎನ್ನುತ್ತಿದ್ದಳು. ಪಾಪು ಬಾಡಿಗೆ ಬಿಟ್ಟು ಮನೆಯಲ್ಲಿ ಕೂತಿದ್ದಾನೆಂದು ಅವನನ್ನು ಬೈದಳು.

"ಇಲ್ಲಿ ಕೂತು ನನ್ನ ಮುಖ ನೋಡಿದ್ರೆ ಲಾರಿ ತಾನಾಗೇ ಓಡುತ್ತೇನೋ? ಹೋಗಿ ಬಾ. ನಾನೇನು ಓಡಿಹೋಗ್ತೀನಾ?"

ಹೋಗುವುದಿಲ್ಲ ಎಂದರೆ ಯಾಕೆ ಎಂದು ಕೇಳುತ್ತಾಳೆ. ಅದಕ್ಕೆ ಅವನು ಹೋದ. ಹೋಗುವ ಮುಂಚೆ ಲಾರಿಯ ಬಾಗಿಲಿಗೆ ಹಣೆ ಒತ್ತಿ ಅತ್ತದ್ದನ್ನು ನಾನು ಅಂಗಡಿಯ ಕಿಟಕಿಯಿಂದ ನೋಡಿದೆ. ದೂರದ ಬಾಡಿಗೆ, ಮುಗಿಸಿ ಬರಲು ಬಹಳ ದಿನ ಹಿಡಿಯಿತು. ಬಂದವನನ್ನು ಅಮ್ಮ ಮತ್ತೆ ಅಟ್ಟಿದಳು, ಮತ್ತೆ ಹೋದ.

ಎರಡನೇ ಸಲ ಅವನು ಬರುವ ಹೊತ್ತಿಗೆ ಅಮ್ಮ ಹೊಸ ತಕರಾರು ತೆಗೆದಿದ್ದಳು. ಹಾಸಿಗೆ ಗಟ್ಟಿಯಾಗಿದೆ, ಅರಳೆ ಗಂಟುಕಟ್ಟಿದೆ, ಮೂಳೆಗೆಲ್ಲ ಒತ್ತುತ್ತದೆ. "ಹಾಸಿಗೆ ಮಾಡೋರ ಮನೇಲಿ ಹಾಸಿಗೆ ಇಲ್ಲ ಅಂದ್ರೆ ನಗ್ತಾರೆ. ಭಾನುವಾರ ಮೂವರೂ ಕೂತು ನನ್ನ ಹಾಸಿಗೆ ಹೊಸದಾಗಿ ಮಾಡಿಕೊಡಿ. ಇಲ್ಲೇ ನನ್ನ ಕಣ್ಣೆದುರಿಗೇ ಮಾಡಿ" ಎಂದಳು.

ಹಾಸಿಗೆ ಗಟ್ಟಿ ಎಂದು ಯಾರೇ ಬಂದರೂ ಮೊದಲು ಆಳನ್ನು ನೋಡು, ಆಮೇಲೆ ಅರಳೆಯನ್ನು ನೋಡು ಎಂದು ನನಗೆ ಕಲಿಸಿದವಳು ಅವಳೇ. ನಾನು ನೋಡಲಿಲ್ಲ. ಅವಳಿಗಾಗಿ ನನ್ನ ಕೈಯಲ್ಲಿ ಆಗುವ ಒಂದು ಕೆಲಸ ಕೊನೆಗೂ ಸಿಕ್ಕಿತಲ್ಲ ಎಂಬ ಸಂತೋಷದಲ್ಲಿ ಶನಿವಾರವೇ ಅರಳೆ ಹಿಂಜುವ ಯಂತ್ರಕ್ಕೆ ಕೂತೆ. ಅಂಗಡಿಯಲ್ಲಿದ್ದ ಅತಿ ಒಳ್ಳೆಯ ಅರಳೆ ತೆಗೆದು ಎರಡೆರಡು ಸಲ ಹಿಂಜಿದೆ. ಮೂಗಿಗೆ ಕಟ್ಟಿದ ಬಟ್ಟೆಯೊಳಗೂ ಧೂಳು ಹೋಗಿ ಸಂಜೆಯ ಹೊತ್ತಿಗೆ ಕೆಮ್ಮು ಹತ್ತಿತು.

ಭಾನುವಾರ ಬೆಳಿಗ್ಗೆ ಅಮ್ಮನ ಮಂಚವನ್ನು ಹಜಾರಕ್ಕೆ ಎಳೆದು ಗೋಡೆಗೆ ತಾಗಿಸಿದೆವು. ಅಮ್ಮನ ಕುರ್ಚಿಯೊಂದನ್ನು ಬಿಟ್ಟು ಉಳಿದ ಕುರ್ಚಿ ಮೇಜುಗಳನ್ನು ಹೊರಗೆ ಹಾಕಿ ನೆಲಕ್ಕೆ ಹಳೆಯ ಚಾದರ ಹಾಸಿದೆವು. ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತು ಗವಸು ಹೊಲಿಯತೊಡಗಿದಳು. ನಾನು ಮೂಟೆ ಬಿಚ್ಚಿ ಅರಳೆ ಸುರಿದು ಪದರ ಪದರವಾಗಿ ಹರಡಿದೆ. ಪಾಪು ಅರಳೆ ಬಡಿಯುವ ಬೆತ್ತ ಹಿಡಿದು ನಿಂತ. ಚಿಕ್ಕವರಿದ್ದಾಗ ರಜೆಯ ದಿನಗಳಲ್ಲಿ ನಮ್ಮ ಕೆಲಸ ಹೀಗೇ ಹಂಚಿಕೆಯಾಗುತ್ತಿತ್ತು. ಆಗ ಬೆತ್ತ ಅವನಿಗಿಂತ ಉದ್ದವಿತ್ತು, ಅಷ್ಟೇ ವ್ಯತ್ಯಾಸ.

"ಸರ್ಕಾರದ ಹೊಲಿಗೆ ಸೊಟ್ಟಗೆ ಹೋಗ್ತಿದೆ" ಎಂದ ಪಾಪು.

"ನೀನು ನಿನ್ನ ಲಾರಿ ನೆಟ್ಟಗೆ ಓಡಿಸು ಸಾಕು."

"ಅಮ್ಮ ನೋಡು, ತಪ್ಪು ತೋರಿಸಿದ್ರೆ ಸರ್ಕಾರಕ್ಕೆ ಸಿಟ್ಟು ಬರುತ್ತೆ."

"ಅವಳ ಹೊಲಿಗೆ ಯಾವತ್ತು ನೆಟ್ಟಗಿತ್ತು?" ಎಂದಳು ಅಮ್ಮ ಮಂಚದ ಮೇಲಿಂದ. "ಗವಸಿನ ಬಾಯಿ ಕಡೆಯಿಂದ ಹೊಲಿಯೋಕೆ ಶುರುಮಾಡ್ತಾಳೆ, ಕೊನೇಲಿ ಅರಳೆ ಹಾಕೋಕೆ ಜಾಗ ಇರಲ್ಲ. ಓದಿದ್ದು ಜಾಸ್ತಿಯಾಯ್ತು ಇವಳಿಗೆ."

ಪಾಪು ಒಂದು ಹಿಡಿ ಅರಳೆ ತೆಗೆದು ಅಕ್ಕನ ತಲೆಯ ಮೇಲೆ ಇಟ್ಟು, ಕೂದಲಿಗೆ ಹಾಕಿಸಿದ ಬಣ್ಣ ಹೋಯಿತು ನೋಡು ಎಂದ. ಅಕ್ಕ ಗಜಕಡ್ಡಿ ಹಿಡಿದು ಅವನನ್ನು ಹಜಾರದ ತುಂಬ ಅಟ್ಟಾಡಿಸಿದಳು. ಐವತ್ತು ದಾಟಿದ ಗುಮಾಸ್ತೆ, ಅರಳೆಯ ಮೇಲೆ ಕಾಲಿಟ್ಟು ಜಾರಿ ಅದರೊಳಗೇ ದೊಪ್ಪನೆ ಕೂತಳು. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುವುದಕ್ಕೂ ಅವಳಿಗೆ ನೋವಾಗುತ್ತಿತ್ತು, ಆದರೂ ನಕ್ಕಳು.

ಆಮೇಲೆ ಹಳೆಯ ಗಿರಾಕಿಗಳ ಮಾತು ಬಂತು. ಗಂಡ ಆನೆಯಂಥವನು, ಹೆಂಡತಿ ಕಡ್ಡಿ, ಅವರಿಗೆ ಅಮ್ಮ ಒಂದೇ ಹಾಸಿಗೆಯಲ್ಲಿ ಆ ಕಡೆಗೊಂದು ಹದ ಈ ಕಡೆಗೊಂದು ಹದ ಮಾಡಿಕೊಟ್ಟಿದ್ದಳು. ಕೆಲವು ವರ್ಷದ ಮೇಲೆ ಇಬ್ಬರೂ ಬೇರೆಯಾದರು. ಹಾಸಿಗೆಯನ್ನು ಹೊತ್ತು ತಂದು ನಡುವೆ ಕತ್ತರಿಸಿ ಎರಡು ಮಾಡಿಕೊಡಿ ಎಂದರು. ಅಮ್ಮ ಮಾಡಿಕೊಟ್ಟಳು. ಮುಂದಿನ ವರ್ಷ ಇಬ್ಬರೂ ಮತ್ತೆ ಒಟ್ಟಿಗೆ ಬಂದು, ಈಗ ಎರಡನ್ನೂ ಸೇರಿಸಿ ಹೊಲಿದುಕೊಡಿ ಎಂದರು.

"ಹೊಲಿದುಕೊಟ್ಯಾ?" ಎಂದು ಪಾಪು ಕೇಳಿದ. ಕಥೆ ಅವನಿಗೆ ಬಾಯಿಪಾಠ.

"ಕೊಟ್ಟೆ. ಆದ್ರೆ ನಡುವೆ ಗಂಟಿರುತ್ತೆ, ಅದು ಇಬ್ಬರಿಗೂ ಒತ್ತುತ್ತೆ, ಅದಕ್ಕೆ ನಾನು ಜವಾಬ್ದಾರಳಲ್ಲ ಅಂದೆ."

"ಅವರಿಗೆ ಹಾಸಿಗೆ ಇದ್ದಷ್ಟು ಕಾಲು ಚಾಚೋಕೆ ಬರಲಿಲ್ಲ" ಎಂದಳು ಅಕ್ಕ, ದಾರ ಕಡಿಯುತ್ತಾ.

"ಆ ಗಾದೆ ಕಟ್ಟಿದವನು ನಮ್ಮ ಹೊಟ್ಟೆ ಮೇಲೆ ಹೊಡೆಯೋಕೇ ಕಟ್ಟಿದ್ದು. ಕಾಲಿದ್ದಷ್ಟು ಹಾಸಿಗೆ ಹೊಲಿಸು ಅನ್ನಬೇಕಿತ್ತು."

ನಾವು ಖುಷಿಯಾಗಿದ್ದೆವು. ಅದನ್ನು ಹೇಳಲು ನನಗೆ ನಾಚಿಕೆಯಿಲ್ಲ. ಅಮ್ಮ ಸಾಯುತ್ತಾಳೆ ಎಂದು ಮೂವರಿಗೂ ಗೊತ್ತಿತ್ತು, ಆದರೂ ಆ ಬೆಳಿಗ್ಗೆ ಹಜಾರದಲ್ಲಿ ಬಿಸಿಲು ಬಿದ್ದಿತ್ತು, ಅರಳೆಯ ಎಳೆಗಳು ತೇಲುತ್ತಿದ್ದವು, ನಾವು ನಾಲ್ವರೂ ಒಬ್ಬರ ಕಾಲು ಒಬ್ಬರು ಎಳೆಯುತ್ತಾ ಇದ್ದೆವು. ಅಮ್ಮ ಅರ್ಧ ಬಟ್ಟಲು ಗಂಜಿ ಕುಡಿದಳು, ಅದು ಹೊಟ್ಟೆಯಲ್ಲಿ ನಿಂತಿತು. ಅಕ್ಕ ಅಡುಗೆಮನೆಯಲ್ಲಿ ನನ್ನ ಭುಜ ಹಿಡಿದು, "ನೋಡಿದ್ಯಾ, ಹೇಳದೇ ಇದ್ದದ್ದಕ್ಕೇ ಹೀಗಿದಾಳೆ" ಎಂದಳು. ಆ ಹೊತ್ತಿಗೆ ನನಗೂ ಹೌದೆನಿಸಿತು.

ನಾನು ಅರಳೆಯನ್ನು ತಬ್ಬಿ ಎತ್ತಿ ಗವಸಿಗೆ ತುಂಬಿದೆ. ಎಷ್ಟು ತಬ್ಬು ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ತೋಳು ತನ್ನ ಕೆಲಸ ತಾನು ಮಾಡಿತು. ಪಾಪು ಬೆತ್ತದಿಂದ ಬಡಿದು ಮಟ್ಟ ಮಾಡಿದ. ಅಕ್ಕ ಬಾಯಿ ಹೊಲಿದಳು. ನಾನು ದಬ್ಬಣಕ್ಕೆ ಹುರಿ ಪೋಣಿಸಿ ಅರಳೆ ಸರಿಯದಂತೆ ಅಲ್ಲಲ್ಲಿ ಮೇಲಿಂದ ಕೆಳಕ್ಕೆ ಟಾಕು ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಹಾಸಿಗೆ ಎದ್ದು ನಿಂತಿತು. ತುಂಬ ಚೆನ್ನಾಗಿ ಬಂದಿತ್ತು. ಅಂಥ ಹಾಸಿಗೆಯನ್ನು ನಾನು ಅದಕ್ಕೆ ಮುಂಚೆ ಮಾಡಿರಲಿಲ್ಲ.

ಪಾಪು ಅಮ್ಮನನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದ, ನಾವು ಹಾಸಿಗೆ ಬದಲಾಯಿಸಿದೆವು. ಅವನು ಮತ್ತೆ ಎಂದಿನಂತೆ ನರಳುತ್ತಾ ಅವಳನ್ನು ತಂದು ಹೊಸದರ ಮೇಲೆ ಮಲಗಿಸಿದ. ಹೊಸ ಹಾಸಿಗೆಯ ಮೇಲೆ ಆಳು ಮಲಗಿದರೆ ಅರಳೆ ಉಸಿರು ಬಿಡುತ್ತದೆ. ಸಣ್ಣ ಸದ್ದಾಗುತ್ತದೆ, ಮೈ ಕೆಳಗಿಳಿಯುತ್ತದೆ. ಆ ಸದ್ದು ಬರಲಿಲ್ಲ. ಅಮ್ಮ ಹಲಗೆಯ ಮೇಲೆ ಇಟ್ಟ ಹಾಗೆ ಮೇಲೆಯೇ ಇದ್ದಳು.

ಸ್ವಲ್ಪ ಹೊತ್ತು ಅತ್ತಿತ್ತ ಅಲುಗಿದಳು. "ಗಟ್ಟಿ ಇದೆ" ಎಂದಳು.

"ಹೊಸದಲ್ವಾ ಅಮ್ಮ" ಎಂದಳು ಅಕ್ಕ. "ನಾಲ್ಕು ದಿನ ಮಲಗಿದ್ರೆ ಹದಕ್ಕೆ ಬರುತ್ತೆ."

"ನನಗೇ ಹಾಸಿಗೆ ಪಾಠ ಹೇಳ್ತೀಯೇನೇ?" ಎಂದು ಅಮ್ಮ ನನ್ನ ಕಡೆ ತಿರುಗಿದಳು. "ನೀನು ಬಾ. ಕೈ ಹಾಕಿ ನೋಡು."

ಆಗ ನನಗೆ ಹೊಳೆಯಿತು. ಅಮ್ಮ ಕಾಯುತ್ತಿದ್ದಳು, ಹೋಗಲೇಬೇಕಾಯಿತು. ಮಂಡಿಯೂರಿ ಅವಳ ಸೊಂಟದ ಕೆಳಗೆ ಅಂಗೈ ತೂರಿಸಿದೆ. ಒಂದು ಕಡೆಯಿಂದ ಹೋದ ಕೈ ಇನ್ನೊಂದು ಕಡೆಯಿಂದ ಹೊರಬಂತು. ನಡುವೆ ಎಲ್ಲೂ ಏನೂ ತಾಗಲಿಲ್ಲ, ನನ್ನ ಕೈಯ ಮೇಲೆ ಇನ್ನೊಂದು ಕೈ ಹಿಡಿಯುವಷ್ಟು ಜಾಗವಿತ್ತು.

"ಹೇಗೆ ಹೋಯ್ತು?"

"ಸ್ವಲ್ಪ ಸಡಿಲ ಅನ್ಸುತ್ತೆ."

"ಸರಾಗವಾಗಿ ಹೋಯ್ತಾ ಇಲ್ವಾ, ಅದು ಹೇಳು."

"ಹೋಯ್ತು."

ಅಮ್ಮ ಸೂರು ನೋಡಿದಳು. ಗಿರಾಕಿಯ ತೂಕ ಮನಸ್ಸಿನಲ್ಲೇ ಲೆಕ್ಕ ಹಾಕುವಾಗ ಅವಳು ಹಾಗೆ ಮೇಲೆ ನೋಡುವುದು ರೂಢಿ. "ಅರಳೆ ಎಷ್ಟು ಹಾಕಿದೆ?" ಎಂದಳು.

"ನಿನ್ನ ಅಳತೇನೇ ಅಮ್ಮ."

"ಅರಳೆ ಹೊಸದು. ಎರಡು ಸಲ ಹಿಂಜಿದೀಯ, ಗಂಟಿಲ್ಲ. ಅಳತೆ ನಂದೇ. ಹಾಗಾದ್ರೆ ತಪ್ಪು ಹಾಸಿಗೇದಲ್ಲ."

ಅಮ್ಮ ನೈಟಿಯ ಪಕ್ಕದ ಹೊಲಿಗೆಯನ್ನು ಬೆರಳಲ್ಲಿ ಹಿಡಿದು ತಿರುವಿದಳು. ಒಳಮಗ್ಗುಲಲ್ಲಿ ಮಡಿಚಿದ ಬಟ್ಟೆ ದಪ್ಪಗೆ ಸಿಕ್ಕಿತು. ಹಳೆಯ ಹೊಲಿಗೆ ಬಿಚ್ಚಿದ ಕಡೆ ಸೂಜಿಯ ತೂತುಗಳು ಸಾಲು ಸಾಲಾಗಿದ್ದವು, ಒಂದರ ಪಕ್ಕ ಒಂದು, ಒಳಕ್ಕೆ ಒಳಕ್ಕೆ. ಅವಳು ಅವುಗಳ ಮೇಲೆ ಉಗುರು ಆಡಿಸಿದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಾವು ಅಷ್ಟು ದಿನ ಕಟ್ಟಿದ್ದೆಲ್ಲ ಹೋಯಿತು.

"ಯಾರು ಮಾಡಿದ್ದು ಇದನ್ನ?"

"ನಾನು" ಎಂದಳು ಅಕ್ಕ.

"ಬಟ್ಟೆ ಬಿಗಿಯಾಗಿದೆ ಅಂತ ನಾನು ದಿನಾ ಮುಟ್ಟಿ ನೋಡಿಕೊಳ್ತಿದ್ದೆ ಕಣೇ. ನೀನು ಎದುರಿಗೇ ಕೂತು ನೋಡ್ತಿದ್ದೆ." ಅಮ್ಮ ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದಳು. "ನನ್ನನ್ನೂ ಗಿರಾಕಿ ಮಾಡಿಬಿಟ್ರಾ?"

ಅದು ನನಗೆ ತಡೆಯಲಾಗಲಿಲ್ಲ. ಮಂಡಿಯೂರಿದ್ದಲ್ಲೇ ಎಲ್ಲ ಹೇಳಿದೆ. "ಇನ್ನು ಕಿಮೋ ಇಲ್ಲ ಅಂದ್ರು ಅಮ್ಮ. ವಿಶ್ರಾಂತಿಗೆ ಅಂತ ಅಲ್ಲ. ಕಾಯಿಲೆ ಬಗ್ಗಲಿಲ್ಲವಂತೆ. ನೋವು ಕಡಿಮೆ ಮಾಡೋದಷ್ಟೇ ನಮ್ಮ ಕೈಲಿರೋದು ಅಂದ್ರು."

"ಎಷ್ಟು ದಿನ ಅಂತೆ?"

"ದಿನ ಹೇಳಲಿಲ್ಲ. ಜಾಸ್ತಿ ಇಲ್ಲ ಅಂದ್ರು."

"ಯಾವಾಗ ಹೇಳಿದ್ದು ಇದನ್ನ?"

ನಾನು ಪಾಪುವಿನ ಮುಖ ನೋಡಿದೆ. "ಇವನು ಮೊದಲನೇ ಸಲ ಹೊರಡೋಕೆ ಮುಂಚೆ."

ಅಮ್ಮ ಅಲ್ಲಿಯವರೆಗೆ ಗಟ್ಟಿಯಾಗಿಯೇ ಇದ್ದಳು. ಸಾಯುವ ಮಾತು ಕೇಳಿದಾಗಲೂ ಮುಖ ಹೆಚ್ಚು ಬದಲಾಗಿರಲಿಲ್ಲ. ಇದನ್ನು ಕೇಳಿದ ಮೇಲೆ ಬದಲಾಯಿತು. "ನಿನಗೂ ಗೊತ್ತಿತ್ತಾ?" ಎಂದು ಅವನನ್ನು ಕೇಳಿದಳು.

ಪಾಪು ಬೆತ್ತ ಹಿಡಿದುಕೊಂಡೇ ನಿಂತಿದ್ದ. ಹೌದೆಂದು ತಲೆಯಾಡಿಸಿದ.

"ಗೊತ್ತಿದ್ದೂ ಹೋದ್ಯಾ?"

"ನೀನೇ ಹೋಗು ಅಂದೆ ಅಮ್ಮ. ಹೋಗಲ್ಲ ಅಂದಿದ್ರೆ ಯಾಕೆ ಅಂತ ಕೇಳ್ತಿದ್ದೆ. ನನಗೆ ಸುಳ್ಳು ಹೇಳೋಕೆ ಬರಲ್ಲ."

"ಗೊತ್ತಿದ್ದಿದ್ರೆ ನಿನ್ನನ್ನ ಕಳಿಸ್ತಿದ್ನೇನೋ ನಾನು? ಎರಡೆರಡು ಸಲ ಬೈದು ಕಳಿಸಿದೆನಲ್ಲೋ. ಅಷ್ಟು ದಿನ ಹೋಯ್ತಲ್ಲೋ."

ಅಮ್ಮ ಅತ್ತಳು. ಅಪ್ಪ ತೀರಿಕೊಂಡಾಗ ಅವಳು ಬಾಗಿಲು ಹಾಕಿಕೊಂಡು ಅತ್ತಿದ್ದಳು, ನಮ್ಮೆದುರು ಅತ್ತದ್ದು ಇದೇ ಮೊದಲು. ಅಕ್ಕ ಹತ್ತಿರ ಹೋಗಿ ಕೈ ಹಿಡಿಯಲು ನೋಡಿದಳು. ಅಮ್ಮ ಕೈ ಎಳೆದುಕೊಂಡಳು. ಅಕ್ಕ ಹಾಗೇ ಮಂಚದ ಪಕ್ಕ ನೆಲದ ಮೇಲೆ ಕೂತುಬಿಟ್ಟಳು. ಅವಳ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಔಷಧಿ ಅಂಗಡಿಯ ಸಾಲಿನಿಂದ ಎರಡು ಹೆಜ್ಜೆ ಹೋಗಿ ವಾಪಸು ಬಂದವಳು ನಾನೇ ತಾನೆ.

ಬಿಸಿಲು ಹಜಾರದಿಂದ ಸರಿದು ಗೋಡೆ ಹತ್ತಿತು. ಬೀದಿಯಲ್ಲಿ ಯಾರೋ ನಮ್ಮ ಅಂಗಡಿಯ ಮುಚ್ಚಿದ ಬಾಗಿಲು ತಟ್ಟಿ, ಭಾನುವಾರವೆಂದು ನೆನಪಾಗಿ ಹೊರಟುಹೋದರು. ಅಮ್ಮ ನೈಟಿಯ ತೋಳಿನಿಂದ ಮುಖ ಒರೆಸಿಕೊಂಡಳು.

"ಬಿಚ್ಚು ಇದನ್ನ" ಎಂದಳು ನನಗೆ.

"ಈಗ ಬೇಡಮ್ಮ, ನಾಳೆ..."

"ನನಗೆ ಒತ್ತುತ್ತೆ ಕಣೇ. ಬಿಚ್ಚು."

ಪಾಪು ಅವಳನ್ನು ಎತ್ತಲು ಬಗ್ಗಿದ. ಅಭ್ಯಾಸಬಲದಿಂದ ನರಳಲು ಬಾಯಿ ತೆಗೆದ.

"ನರಳಬೇಡ" ಎಂದಳು ಅಮ್ಮ. "ಎಷ್ಟಿದೀನಿ ಹೇಳು."

ಅವನು ಅವಳನ್ನು ತೋಳಲ್ಲಿ ಹಿಡಿದು ನಿಂತ. "ಭಾರಾನೇ ಇಲ್ಲಮ್ಮ" ಎಂದ.

ಕುರ್ಚಿಯಲ್ಲಿ ಕೂತು ಅಮ್ಮ ಕೆಲಸ ಮಾಡಿಸಿದಳು. ನಾನು ಟಾಕುಗಳನ್ನು ಕತ್ತರಿಸಿದೆ, ಗವಸಿನ ಬಾಯಿ ಬಿಚ್ಚಿದೆ. ಅಕ್ಕ ಒಳಗೆ ಕೈ ಹಾಕಿ ಒಂದು ಹಿಡಿ ಅರಳೆ ತೆಗೆದು ಪಕ್ಕದಲ್ಲಿಟ್ಟಳು.

"ಗುಬ್ಬಿ ಗೂಡಿಗಾ ಅದು? ತಬ್ಬಿ ತೆಗಿ" ಎಂದಳು ಅಮ್ಮ.

ಅಕ್ಕ ತಬ್ಬಿ ತೆಗೆದಳು. ಅಮ್ಮ ಇನ್ನೂ ಎಂದಳು. ಮತ್ತೆ ತೆಗೆದಳು. ತೆಗೆದದ್ದನ್ನು ಎದೆಗೊತ್ತಿಕೊಂಡು ಅಕ್ಕ ಅಳತೊಡಗಿದಳು, ಕಣ್ಣೀರು ಗಲ್ಲದಿಂದ ಕೆಳಗೆ ಬೀಳುತ್ತಿತ್ತು.

"ಅಳೋದಾದ್ರೆ ಆ ಕಡೆ ತಿರುಗಿ ಅಳು. ಒದ್ದೆಯಾದ್ರೆ ಅರಳೆ ಗಂಟುಕಟ್ಟುತ್ತೆ."

ಅಕ್ಕನಿಗೆ ಅಳುವಿನ ನಡುವೆಯೇ ನಗು ಬಂತು. ಅಮ್ಮ ನಗಲಿಲ್ಲ. ಆದರೆ ಕೈ ಚಾಚಿ ಅಕ್ಕನ ತಲೆಯ ಮೇಲೆ ಉಳಿದಿದ್ದ ಅರಳೆಯ ಎಳೆಯನ್ನು ತೆಗೆದಳು.

ಪಾಪು ಅವಳನ್ನು ಮಲಗಿಸಿದ, ನಾನು ಕೈ ತೂರಿಸಿದೆ, ಕೈ ಹೋಯಿತು. ಮತ್ತೆ ಎತ್ತಿದ, ಮತ್ತೆ ತೆಗೆದೆವು. ಪ್ರತಿ ಸಲವೂ ಇಷ್ಟು ಸಾಕು ಎಂದು ನಾನು ಅಂದುಕೊಳ್ಳುತ್ತಿದ್ದೆ, ಸಾಕಾಗುತ್ತಿರಲಿಲ್ಲ. ನೆಲದ ಮೇಲಿನ ಅರಳೆ ಮಂಚದ ಎತ್ತರಕ್ಕೆ ಬೆಳೆಯಿತು. ನನಗೆ ಆ ಕಡೆ ನೋಡಲಾಗಲಿಲ್ಲ. ಕೊನೆಗೆ ಒಮ್ಮೆ ಅವಳು ಮಲಗಿದಾಗ ಹಾಸಿಗೆ ಸಣ್ಣಗೆ ಉಸಿರು ಬಿಟ್ಟಿತು, ಅವಳ ಮೈ ಒಳಗಿಳಿಯಿತು. ನನ್ನ ಅಂಗೈ ಬಿಗಿಯಾಗಿ, ನಿಲ್ಲದೆ ಹೋಯಿತು.

ಅಮ್ಮ ಕಣ್ಣು ಮುಚ್ಚಿದಳು. ಅಷ್ಟು ದಿನದಲ್ಲಿ ಮೊದಲ ಸಲ ಅವಳ ಹುಬ್ಬಿನ ನಡುವಿನ ಗಂಟು ಸಡಿಲವಾಯಿತು. "ಲಾರಿ ಕೀಲಿಕೈ ಇಲ್ಲಿ ಕೊಡು" ಎಂದಳು ಪಾಪುವಿಗೆ, ಕಣ್ಣು ತೆರೆಯದೆ. ಅವನು ಜೇಬಿನಿಂದ ತೆಗೆದು ಅವಳ ಅಂಗೈಯಲ್ಲಿಟ್ಟ. ಅವಳು ಅದನ್ನು ದಿಂಬಿನ ಕೆಳಗೆ ತಳ್ಳಿದಳು.

ಗವಸಿನ ಬಾಯಿ ಹೊಲಿಯುವುದು ಉಳಿದಿತ್ತು. ಅವಳನ್ನು ಮತ್ತೆ ಏಳಿಸುವುದು ಬೇಡವೆಂದು ನಾನು ಕಾಲ ಬಳಿ ಕೂತು, ಸೂಜಿಗೆ ದಾರ ಹಾಕಿ, ಅಂಚು ಜೋಡಿಸಿ ಹೊಲಿಯತೊಡಗಿದೆ. ಅಕ್ಕ ಉಳಿದ ಅರಳೆಯನ್ನು ಮೂಟೆಗೆ ತುಂಬುತ್ತಿದ್ದಳು. ಅಮ್ಮ ನಿದ್ದೆ ಹೋದಳೆಂದುಕೊಂಡಿದ್ದೆ.

"ಕಚ್ಚಾ ಹೊಲಿಗೆ ಹಾಕು ಸಾಕು" ಎಂದಳು. "ಮುಂದಿನ ವಾರ ಮತ್ತೆ ಬಿಚ್ಚಬೇಕಾಗುತ್ತೆ."

ಆಗಲಿ ಎಂದೆ. ತಲೆ ಬಗ್ಗಿಸಿ ಹೊಲಿದೆ. ಮುಗಿಸಿ ದಾರ ಕಡಿದಾಗ ಅಮ್ಮ ಪಾದವನ್ನು ಅಂಚಿಗೆ ತಂದು ಹೆಬ್ಬೆರಳಿನಿಂದ ಹೊಲಿಗೆಯ ಉದ್ದಕ್ಕೂ ಸವರಿ ನೋಡಿದಳು.

"ಸಣ್ಣ ಹೊಲಿಗೆ ಹಾಕಿದೀಯ."

ನಾನು ನೋಡಿದೆ. ಸಣ್ಣ ಸಣ್ಣ ಹೊಲಿಗೆ, ಒತ್ತೊತ್ತಾಗಿ, ವರ್ಷಗಟ್ಟಲೆ ಬಾಳುವಂಥದ್ದು.

"ಬಿಚ್ಚು" ಎಂದಳು. "ದೊಡ್ಡದಾಗಿ ಹಾಕು."

ಬಿಚ್ಚಿ, ದೊಡ್ಡದಾಗಿ ಹಾಕಿದೆ.